ಗೆಳತಿಯ ಪಟ್ಟಿ ನನಗೇಕೆ ಒಗ್ಗುತ್ತಿಲ್ಲ?

ಪ್ರಶ್ನೆ: ನನಗೆ 36 ವರ್ಷ, ಮಣಿಪಾಲದಲ್ಲಿ ನರ್ಸ್. 10 ಕಿ.ಮೀ. ಓಟವನ್ನು 62 ನಿಮಿಷದಲ್ಲಿ ಮುಗಿಸಿದ್ದೇನೆ. ಈಗ ಹಾಫ್ ಮ್ಯಾರಥಾನ್ ಆಸೆ. ಬೆಂಗಳೂರಿನ ಗೆಳತಿ ತನ್ನ ತರಬೇತಿ ಪಟ್ಟಿ ಕಳಿಸಿದ್ದಾಳೆ. ಅದರಲ್ಲಿ ಸಲೀಸು ಓಟವೆಂದರೆ ಕಿ.ಮೀ.ಗೆ 6 ನಿಮಿಷ 15 ಸೆಕೆಂಡ್. ಎರಡು ಕಿ.ಮೀ.ಗೇ ನನ್ನ ಎದೆಬಡಿತ 170 ದಾಟುತ್ತದೆ. ಮಂಗಳವಾರದ ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಜೋರಾಗಿ ಓಡುವ ಸಣ್ಣ ಓಟಗಳು) ನೈಟ್ ಡ್ಯೂಟಿಯಲ್ಲಿ ತಪ್ಪಿಹೋಗುತ್ತದೆ. ಇಂಟರ್ವಲ್ಲೇ ಬೇಡ, ಉದ್ದ ಓಡಿ ಎನ್ನುವವರೂ ಇದ್ದಾರೆ. ಯಾರ ಮಾತು ಕೇಳಲಿ?
– ಹೆಸರು ಬೇಡ, ಮಣಿಪಾಲ

ಉತ್ತರ: ಮೊದಲು ಒಂದು ಲೆಕ್ಕ. 62 ನಿಮಿಷವನ್ನು ಹತ್ತರಿಂದ ಭಾಗಿಸಿ: ಕಿ.ಮೀ.ಗೆ 6 ನಿಮಿಷ 12 ಸೆಕೆಂಡ್. ನಿಮ್ಮ ಗೆಳತಿಯ ಸಲೀಸು ಓಟ ನಿಮಗೆ ರೇಸಿನ ವೇಗ! ವಾರವಿಡೀ ರೇಸ್ ಓಡಿ ಸುಸ್ತು ಎಂದರೆ ಎದೆಯದೇನು ತಪ್ಪು?

ಊರನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಬೆಳಗಿನ ಗಾಳಿ ತಂಪು. ನಿಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಇಳಿಯುತ್ತದೆ, ಆರುವುದಿಲ್ಲ. ಮೈ ತಣಿಸಲು ರಕ್ತ ಚರ್ಮದತ್ತ ಹರಿದಂತೆ ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿಯಬೇಕಾಗುತ್ತದೆ. ಹಾಗಾಗಿ ಸಲೀಸು ದಿನಗಳಲ್ಲಿ ವೇಗ ನೋಡಲೇಬೇಡಿ. ಪಕ್ಕದವರೊಂದಿಗೆ ಏದುಸಿರಿಲ್ಲದೆ ಪೂರ್ತಿ ವಾಕ್ಯ ಆಡಬಲ್ಲಿರಾದರೆ ಅದೇ ನಿಮ್ಮ ಸಲೀಸು ಓಟ. ನನ್ನ ಅಂದಾಜಿಗೆ ಅದು ಏಳೂಕಾಲು ನಿಮಿಷದ ಆಸುಪಾಸು, ಮಳೆಗಾಲಕ್ಕೆ ಮುಂಚಿನ ಸೆಕೆಯಲ್ಲಿ ಇನ್ನೂ ನಿಧಾನ. ಏರಿನಲ್ಲಿ ನಡೆದರೂ ಯಾರೂ ದಂಡ ಹಾಕುವುದಿಲ್ಲ. 220ರಲ್ಲಿ ವಯಸ್ಸು ಕಳೆದು ವಾಚು ತೋರಿಸುವ ಗರಿಷ್ಠ ಎದೆಬಡಿತ, ಅಂದರೆ ನಿಮ್ಮ 184, ಬರೀ ಸರಾಸರಿ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಇರುತ್ತದೆ.

ಇಂಟರ್ವಲ್ಲೋ ಉದ್ದದ ಓಟವೋ ಎಂಬ ಜಗಳ ಹಳೆಯದು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000, 10,000 ಮೀಟರ್, ಮ್ಯಾರಥಾನ್ ಮೂರನ್ನೂ ಗೆದ್ದ ಜೆಕೊಸ್ಲೊವಾಕಿಯಾದ ಎಮಿಲ್ ಝಾಟೊಪೆಕ್ 400 ಮೀಟರ್ ಓಟಗಳನ್ನು ಡಜನ್‌ಗಟ್ಟಲೆ ಹೊಡೆಯುತ್ತಿದ್ದರು. 1960ರಲ್ಲಿ ರೋಮ್‌ನಲ್ಲಿ ಚಿನ್ನ ಗೆದ್ದ ಪೀಟರ್ ಸ್ನೆಲ್, ಮರ್ರಿ ಹಾಲ್ಬರ್ಗ್ ಇಬ್ಬರಿಗೂ ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಕೊಟ್ಟ ಬುನಾದಿ ವಾರಕ್ಕೆ ನೂರು ಮೈಲಿ. ಎರಡೂ ದಾರಿಯಲ್ಲಿ ಪದಕ ಬಂದಿದೆ. ಆದರೆ ಅವರಾರಿಗೂ ನಿಮ್ಮ ಡ್ಯೂಟಿ ಚಾರ್ಟ್ ಇರಲಿಲ್ಲ.

ನಿಮ್ಮ ಪಟ್ಟಿಯನ್ನು ಆ ಚಾರ್ಟಿನಿಂದಲೇ ಶುರು ಮಾಡಿ. ಮಂಗಳವಾರಕ್ಕೆ ಯಾವ ವಿಶೇಷವೂ ಇಲ್ಲ. ನೈಟ್ ಡ್ಯೂಟಿ ವಾರದಲ್ಲಿ ನಿದ್ದೆ ಮುಗಿಸಿ ಎದ್ದ ಮೇಲೆ ಮೂರು ಸಣ್ಣ ಸಲೀಸು ಓಟ, ಅಷ್ಟೇ. ಬಾಕಿ ವಾರಗಳಲ್ಲಿ ಒಂದು ಉದ್ದದ ಓಟ, ಎರಡು ಸಲೀಸು, ಒಂದು ಜೋರಿನದು. ಜೋರಿನದೆಂದರೆ ಮೂರು ಮೂರು ನಿಮಿಷದ ಐದು ಓಟ, ನಡುವೆ ಎರಡೆರಡು ನಿಮಿಷ ನಡಿಗೆ. ಉದ್ದದ ಓಟಕ್ಕೆ ಪ್ರತಿ ಸಲ ಒಂದು ಕಿ.ಮೀ. ಸೇರಿಸಿ, ನಾಲ್ಕನೇ ವಾರ ಇಳಿಸಿ. ನೋಟ್‌ಬುಕ್ಕಿನಲ್ಲಿ ನಿದ್ದೆ, ಡ್ಯೂಟಿ, ಸೆಕೆ, ಕಾಲಿನ ಭಾರ ಬರೆದಿಡಿ. ತಿಂಗಳಾದ ಮೇಲೆ ಅದೇ ರಸ್ತೆಯಲ್ಲಿ ಅದೇ ಆಯಾಸಕ್ಕೆ ಸ್ವಲ್ಪ ಬೇಗ ಮುಗಿಸುತ್ತಿದ್ದರೆ ಪಟ್ಟಿ ನಿಮಗೆ ಹೊಂದಿದೆ. ಇಲ್ಲವಾದರೆ ಒಂದನ್ನು ಮಾತ್ರ ಬದಲಾಯಿಸಿ. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಲಸ ಮಾಡಿತೆಂದು ದೇವರಿಗೂ ಗೊತ್ತಾಗದು.

ನಿಧಾನಕ್ಕೆ ಓಡಿಯೂ ಬಡಿತ ಇಳಿಯದಿದ್ದರೆ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ) ಪರೀಕ್ಷೆಯನ್ನೂ ಮಾಡಿಸಿ, ವೈದ್ಯರಿಗೆ ತೋರಿಸಿ. ಓಡುವ ಹೆಂಗಸರಲ್ಲಿ ಕಬ್ಬಿಣಾಂಶದ ಕೊರತೆ ಸಾಮಾನ್ಯ. ಅದು ನಿಮ್ಮ ಕ್ಷೇತ್ರ, ನಾನು ಹೆಚ್ಚು ಹೇಳುವುದಿಲ್ಲ.

ಪ್ರಶ್ನೆ: ಮಗನಿಗೆ 16. ಫುಲ್ ಮ್ಯಾರಥಾನ್ ಓಡುತ್ತೇನೆಂದು ಹಟ ಹಿಡಿದಿದ್ದಾನೆ. ಬಿಡಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಬೇಡ. 18 ತುಂಬದವರನ್ನು ಹೆಚ್ಚಿನ ಮ್ಯಾರಥಾನ್‌ಗಳು ಸೇರಿಸಿಕೊಳ್ಳುವುದೂ ಇಲ್ಲ. ಬೆಳೆಯುವ ಮೂಳೆ, ಸದ್ಯ 1,500, 3,000 ಮೀಟರ್ ಓಡಲಿ. ಅಲ್ಲಿ ಗಳಿಸಿದ ವೇಗ ಮುಂದೆ ಮ್ಯಾರಥಾನಿಗೂ ಬರುತ್ತದೆ.