ಮಟಿಲ್ಡೆ ಕ್ಷುದ್ರಗ್ರಹ ಯಾಕೆ ಅಷ್ಟು ಕಪ್ಪು?

ನಮ್ಮ ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಗೂಡ್ಸ್ ರೈಲಿನಲ್ಲಿ ಬರುವ ಕಲ್ಲಿದ್ದಲು ಮುಟ್ಟಿದರೆ ಬೆರಳಿಗೆ ಮಸಿ ಹತ್ತುತ್ತದೆ, ಅಲ್ವಾ? ಮಟಿಲ್ಡೆ ಹೆಚ್ಚುಕಡಿಮೆ ಅಷ್ಟೇ ಕಪ್ಪು. ಮೇಲೆ ಬಿದ್ದ ಬಿಸಿಲಲ್ಲಿ ಸುಮಾರು 4% ಮಾತ್ರ ವಾಪಸ್ ಕಳಿಸುತ್ತದೆ. ಅದರ ಕಲ್ಲಿನಲ್ಲಿ ಇಂಗಾಲ ಜಾಸ್ತಿ, ಅದೇ ಕಾರಣ. ಮಂಗಳ, ಗುರು ಗ್ರಹಗಳ ನಡುವಿನ ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ಇಂಥ ಕಪ್ಪು ಕಲ್ಲುಗಳೇ ಹೆಚ್ಚು.

1997ರ ಜೂನ್‌ನಲ್ಲಿ ನಾಸಾದ ನಿಯರ್ ನೌಕೆ ಪಕ್ಕದಲ್ಲೇ ಹಾದು ಚಿತ್ರ ತೆಗೆಯಿತು. ಇಡೀ ಕಲ್ಲಿನ ಅಗಲ ಸುಮಾರು 50 ಕಿ.ಮೀ., ಅದರಲ್ಲಿ ಒಂದು ಕುಳಿಯೇ 30 ಕಿ.ಮೀ. ದಾಟಿದೆ! ಇಷ್ಟು ಪೆಟ್ಟು ತಿಂದೂ ಚೂರಾಗಿಲ್ಲ. ಒಳಗೆ ಅರ್ಧದಷ್ಟು ಟೊಳ್ಳು ಇರುವುದರಿಂದ ಹೊಡೆತ ಅಲ್ಲೇ ಇಂಗಿಹೋಗಿದೆ ಅನ್ನುತ್ತಾರೆ ವಿಜ್ಞಾನಿಗಳು. ಕುಳಿಗಳಿಗೆ ಭೂಮಿಯ ಕಲ್ಲಿದ್ದಲು ಪ್ರದೇಶಗಳ ಹೆಸರಿಟ್ಟಿದ್ದಾರೆ. ಒಂದಕ್ಕೆ ನಮ್ಮ ದೇಶದ ದಾಮೋದರ್ ಹೆಸರಿದೆ, ನನಗಂತೂ ಅದು ತುಂಬಾ ಖುಷಿ.