ಚಿಕ್ಕ ಮಕ್ಕಳು ಹೊಸದೇನಾದ್ರೂ ಕಲಿಯೋವಾಗ ಯಾರನ್ನ ನಂಬಬೇಕು ಅಂತ ಹೇಗೆ ಡಿಸೈಡ್ ಮಾಡ್ತಾರೆ?

ಹೇಳೋರು ಈ ಮುಂಚೆ ಸರಿಯಾಗಿ ಹೇಳಿದ್ರಾ ತಪ್ಪು ಹೇಳಿದ್ರಾ ಅನ್ನೋದನ್ನ ನೆನಪಿಟ್ಕೊಂಡು ಡಿಸೈಡ್ ಮಾಡ್ತಾರೆ. ಮಕ್ಕಳು ದೊಡ್ಡೋರು ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ನಂಬಿಬಿಡ್ತಾರೆ ಅಂತ ನಾವು ಅಂದ್ಕೊಂಡಿರ್ತೀವಿ, ಆದ್ರೆ ನಾಲ್ಕು ವರ್ಷದ ಹೊತ್ತಿಗೇ ಅವು ಚೆನ್ನಾಗಿ ಅಳೆದು ನೋಡೋಕೆ ಶುರು ಮಾಡಿರ್ತವೆ.

ಹೇಗೆ ಅಂದ್ರೆ, ಮಗು ತನಗೆ ಆಗ್ಲೇ ಗೊತ್ತಿರೋ ಪದಗಳನ್ನೇ ಅಳತೆಗೋಲು ಮಾಡ್ಕೊಳತ್ತೆ. 2004ರಲ್ಲಿ ಸೈಕಾಲಜಿಸ್ಟ್‌ಗಳಾದ ಮೆಲಿಸ್ಸಾ ಕೋನಿಗ್, ಪಾಲ್ ಹ್ಯಾರಿಸ್ ಮತ್ತೆ ಜೊತೆಯವರು ಮಾಡಿದ ಪ್ರಯೋಗ ಇದಕ್ಕೇ ಫೇಮಸ್, ಅದರಲ್ಲಿ ಇಬ್ಬರು ಬರ್ತಾರೆ, ಮಗೂಗೆ ಗೊತ್ತಿರೋ ವಸ್ತುಗಳಿಗೆ ಒಬ್ಬರು ಸರಿಯಾದ ಹೆಸರು ಹೇಳ್ತಾರೆ, ಇನ್ನೊಬ್ಬರು ಬೇಕಂತಲೇ ತಪ್ಪು ಹೇಳ್ತಾರೆ, ಅಂದ್ರೆ ಚೆಂಡು ತೋರಿಸಿ ಲೋಟ ಅಂದ ಹಾಗೆ, ಆಮೇಲೆ ಮಗು ಯಾವತ್ತೂ ನೋಡಿರದ ವಸ್ತು ಇಟ್ಟು ಇಬ್ಬರೂ ಬೇರೆಬೇರೆ ಹೆಸರು ಹೇಳಿದಾಗ, ತಪ್ಪು ಹೇಳಿದ್ದು ಯಾರು ಅಂತ ಗುರುತು ಹಿಡಿದ ಮಕ್ಕಳು ಸರಿ ಹೇಳಿದ್ದೋರ ಮಾತನ್ನೇ ಹಿಡ್ಕೊಂಡ್ರು.

ಪರಿಚಯಾನೂ ಲೆಕ್ಕಕ್ಕೆ ಬರತ್ತೆ. ತಮ್ಮ ಟೀಚರ್ ತಪ್ಪು ಹೇಳಿದ್ರೂ ಮೂರು ವರ್ಷದೋರು ಅವರನ್ನ ಅಷ್ಟು ಸುಲಭಕ್ಕೆ ಬಿಡಲ್ಲ, ಐದು ವರ್ಷದೋರು ಮಾತ್ರ ಸರಿ ಹೇಳಿದ ಹೊಸಬರ ಕಡೆ ವಾಲ್ತಾರೆ.

ನಂಗೆ ತುಂಬಾ ಇಷ್ಟ ಆಗೋ ವಿಷಯ ಇನ್ನೊಂದಿದೆ. ದೊಡ್ಡೋರು ತಪ್ಪು ಹೇಳಿ, ತಮ್ಮ ಹಾಗೇ ಇರೋ ಒಂದು ಮಗು ಸರಿ ಹೇಳಿದ್ರೆ, ಆಮೇಲೆ ಹೊಸ ಪದಕ್ಕೆ ಮಕ್ಕಳು ಆ ಮಗು ಮಾತನ್ನೇ ಕೇಳ್ತವೆ.