ಉಬುಂಟು ಇರುವ ಲ್ಯಾಪ್‌ಟಾಪಿನಲ್ಲಿ ನುಡಿ, ಪೇಜ್‌ಮೇಕರ್‌ಗಾಗಿ ವಿಂಡೋಸ್ ಬೇಕು: ಡ್ಯುಯಲ್ ಬೂಟ್, ವರ್ಚುವಲ್ ಮಷೀನ್, ಯಾವುದು ವೇಗ?

ನಿಮ್ಮ ಹಾಗೆಯೇ ನನ್ನ ಬಳಿಯೂ 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಇತ್ತು. ವೇಗ ಕಡಿಮೆಯಾಗಬಾರದೆಂದು ಡ್ಯುಯಲ್ ಬೂಟ್ ಮಾಡಿಕೊಂಡು, ಅಂದರೆ ಉಬುಂಟು, ವಿಂಡೋಸ್ ಎರಡನ್ನೂ ಹಾಕಿ ಯಂತ್ರ ತೆರೆಯುವಾಗ ಒಂದನ್ನು ಆಯ್ದುಕೊಳ್ಳುವಂತೆ ಮಾಡಿಕೊಂಡು, ಎರಡೂ ಕಡೆಯಿಂದ ತೆರೆಯಲು ಬರುವಂತೆ ಡಿಸ್ಕಿನ ಒಂದು ಭಾಗವನ್ನು ವಿಂಡೋಸಿನ ಕಡತ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಪಾರ್ಟಿಷನ್ ಆಗಿ ಇಟ್ಟುಕೊಂಡಿದ್ದೆ. ಒಂದು ಸಂಘದ ಸ್ಮರಣ ಸಂಚಿಕೆಯ ಲೇಖನಗಳೆಲ್ಲ ಅದರಲ್ಲಿದ್ದವು, ಮತ್ತು ಅವುಗಳಲ್ಲಿ ಬಹುಪಾಲನ್ನು ಅಲ್ಲಿಯೇ ಕಳೆದುಕೊಂಡೆ.

ಹೇಗೆಂಬುದನ್ನು ವಿವರವಾಗಿ ಹೇಳಲೇಬೇಕು. ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ವ್ಯವಸ್ಥೆಯಿದೆ. ಅದು ಚಾಲನೆಯಲ್ಲಿರುವಾಗ ‘ಶಟ್ ಡೌನ್’ ಒತ್ತಿದರೆ ನಿಮ್ಮ ಲಾಗಿನ್ ಮತ್ತು ತೆರೆದಿದ್ದ ತಂತ್ರಾಂಶಗಳು ಮಾತ್ರ ಮುಚ್ಚುತ್ತವೆ. ವಿಂಡೋಸಿನ ತಿರುಳಾದ ಕರ್ನಲ್ ಮತ್ತು ಯಂತ್ರದ ಭಾಗಗಳನ್ನು ನಡೆಸುವ ಡ್ರೈವರ್‌ಗಳ ಸ್ಥಿತಿ ಒಂದು ಕಡತದಲ್ಲಿ ಉಳಿದು, ಮುಂದಿನ ಸಲ ಯಂತ್ರ ಅಲ್ಲಿಂದಲೇ ಎದ್ದು ಬರುತ್ತದೆ. ಡಿಸ್ಕಿನ ಯಾವ ಜಾಗದಲ್ಲಿ ಯಾವ ಕಡತವಿದೆ ಎಂಬ ಲೆಕ್ಕವೂ ಹಾಗೆ ಉಳಿಯುವುದರಲ್ಲಿ ಸೇರಿರುತ್ತದೆ. ‘ರೀಸ್ಟಾರ್ಟ್’ ಒತ್ತಿದಾಗ ಹೀಗಾಗುವುದಿಲ್ಲ, ಆಗ ಎಲ್ಲವೂ ಪೂರ್ತಿ ಮುಚ್ಚುತ್ತದೆ. ನಾನು ಸಾಮಾನ್ಯವಾಗಿ ರೀಸ್ಟಾರ್ಟ್ ಮಾಡಿಯೇ ಉಬುಂಟುವಿಗೆ ಬರುತ್ತಿದ್ದುದರಿಂದ ಬಹುಕಾಲ ಯಾವ ತೊಂದರೆಯೂ ಕಾಣದೆ, ಈ ಏರ್ಪಾಡು ಭದ್ರವಾಗಿದೆ ಎಂದೇ ನಂಬಿದ್ದೆ.

ಒಂದು ರಾತ್ರಿ ಶಟ್ ಡೌನ್ ಮಾಡಿ, ಬೆಳಿಗ್ಗೆ ಉಬುಂಟು ತೆರೆದಾಗ ಆ ಪಾರ್ಟಿಷನ್ ಓದಲು ಮಾತ್ರ ಸಿಕ್ಕಿತು, ಬರೆಯಲು ಬಿಡಲಿಲ್ಲ. ಆ ನಿರಾಕರಣೆಯೇ ರಕ್ಷಣೆಯಾಗಿತ್ತು. ನಾನು ಎನ್‌ಟಿಎಫ್‌ಎಸ್‌ಫಿಕ್ಸ್ ಆಜ್ಞೆ ಕೊಟ್ಟು, ಡಿಸ್ಕಿನಲ್ಲಾದ ಬದಲಾವಣೆಗಳ ದಾಖಲೆಯಾದ ಜರ್ನಲನ್ನು ಅಳಿಸಿ, ಇಮೇಲಿನಲ್ಲಿ ಬಂದಿದ್ದ ಯೂನಿಕೋಡ್ ಲೇಖನಗಳನ್ನು ದಿನವಿಡೀ ತಿದ್ದಿ, ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್‌ಗೆ ಬೇಕಾದ, ನುಡಿ ಎಂಬ ಕನ್ನಡ ತಂತ್ರಾಂಶದ ಸಂಕೇತಕ್ಕೆ ಪರಿವರ್ತಿಸಿ ಅಲ್ಲಿಯೇ ಉಳಿಸಿದೆ. ಸಂಜೆ ಎದ್ದ ವಿಂಡೋಸಿಗೆ ಗೊತ್ತಿದ್ದದ್ದು ಹಿಂದಿನ ರಾತ್ರಿಯ ಲೆಕ್ಕ ಮಾತ್ರ. ಒಂದೇ ಊರಿನ ಖಾತೆ ಪುಸ್ತಕವನ್ನು ಇಬ್ಬರು ಶಾನುಭೋಗರು ಒಬ್ಬರಿಗೊಬ್ಬರು ತಿಳಿಸದೆ ತಿದ್ದಿದಂತೆ, ನಾನು ಬರೆದಿದ್ದ ಜಾಗಗಳನ್ನು ಖಾಲಿಯೆಂದು ತಿಳಿದು ಅದು ತನ್ನದನ್ನು ಅವುಗಳ ಮೇಲೆಯೇ ಬರೆಯಿತು. ಡಿಸ್ಕಿನ ದೋಷ ಸರಿಪಡಿಸುವ ಚೆಕ್‌ಡಿಸ್ಕ್ ಓಡಿಸಿದ ನಂತರ ಸಿಕ್ಕಿದವು ಮೂಲ ಹೆಸರನ್ನೂ ಕಳೆದುಕೊಂಡ ತುಣುಕುಗಳು.

ಆದ್ದರಿಂದ ‘ಯಾವುದು ವೇಗ’ ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಮ್ಮ ಕಡತಗಳಿರುವ ಡಿಸ್ಕಿಗೆ ಎಷ್ಟು ಮಂದಿ ಯಜಮಾನರು ಎಂಬುದನ್ನು ಮೊದಲು ಕೇಳಿಕೊಳ್ಳಿ. ವರ್ಚುವಲ್ ಮಷೀನ್ ಎಂದರೆ ಉಬುಂಟುವಿನೊಳಗೇ ತಂತ್ರಾಂಶದಿಂದ ನಡೆಯುವ ಇನ್ನೊಂದು ಕಂಪ್ಯೂಟರ್. ಅದರೊಳಗಿನ ವಿಂಡೋಸ್ ತನ್ನ ಡಿಸ್ಕೆಂದು ತಿಳಿಯುವುದು ಉಬುಂಟುವಿನಲ್ಲಿರುವ ಒಂದು ದೊಡ್ಡ ಕಡತವನ್ನು. ಹಂಚಿಕೊಂಡ ಫೋಲ್ಡರಿಗೂ ಅದು ಉಬುಂಟುವಿನ ಮೂಲಕವೇ ಬರೆಯಬೇಕು. ಎರಡನ್ನೂ ಒಟ್ಟಿಗೆ ತೆರೆದಿಟ್ಟುಕೊಳ್ಳಬಹುದಾದ್ದರಿಂದ ಒಂದು ಪ್ಯಾರಾ ತಿದ್ದಲು ಯಂತ್ರವನ್ನು ಮುಚ್ಚಿ ತೆರೆಯುವ ಕಷ್ಟವೂ ಇಲ್ಲ.

ವೇಗದ ಭಯ ಹಳೆಯದು. ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ವರ್ಚುವಲೈಸೇಷನ್ನಿಗೆ ಬೇಕಾದ ನೆರವನ್ನು ಪ್ರೊಸೆಸರಿನೊಳಗೇ ಕೊಟ್ಟವು. 2007ರಲ್ಲಿ ಆ ನೆರವನ್ನು ಬಳಸಿ ವರ್ಚುವಲ್ ಮಷೀನ್ ನಡೆಸುವ ಕೆವಿಎಂ, ಉಬುಂಟುವಿನ ಬುನಾದಿಯಾದ ಲಿನಕ್ಸ್ ಕರ್ನಲ್ಲಿನ ಭಾಗವಾಯಿತು. ಪುಟವಿನ್ಯಾಸದಂಥ ಕೆಲಸದಲ್ಲಿ ನಿಮಗೆ ನಿಜವಾಗಿ ಸಾಲದೆ ಬರುವುದು ರ‍್ಯಾಮ್. ವಿಂಡೋಸ್ 11ಕ್ಕೆ ಕನಿಷ್ಠವೆಂದರೂ 4 ಜಿಬಿ ಬೇಕು, ಉಳಿದ ನಾಲ್ಕರಲ್ಲಿ ಉಬುಂಟು ಮತ್ತು ಬ್ರೌಸರ್ ಎರಡೂ ತಿಣುಕುತ್ತವೆ. ಲ್ಯಾಪ್‌ಟಾಪಿನಲ್ಲಿ ಅವಕಾಶವಿದ್ದರೆ ಮೊದಲು 16 ಜಿಬಿ ಮಾಡಿಸಿ. ವಿಂಡೋಸ್ 11 ಕೇಳುವ ಟಿಪಿಎಂ ಎಂಬ ಭದ್ರತಾ ಚಿಪ್ಪಿನ ಅನುಕರಣೆಯನ್ನು, ವರ್ಚುವಲ್ ಮಷೀನ್ ನಡೆಸುವ ತಂತ್ರಾಂಶವಾದ ವರ್ಚುವಲ್‌ಬಾಕ್ಸ್‌ನ 7.0 ಮತ್ತು ಮುಂದಿನ ಆವೃತ್ತಿಗಳು ಒದಗಿಸುತ್ತವೆ.

ಗ್ರಾಫಿಕ್ಸ್ ಕಾರ್ಡನ್ನು ಪೂರ್ತಿ ಬಳಸುವ ಆಟಗಳಿಗೆ ಮಾತ್ರ ಡ್ಯುಯಲ್ ಬೂಟ್ ಸರಿ ಎನ್ನುತ್ತೇನೆ. ಆಗಲೂ ಎರಡಕ್ಕೂ ಬೇರೆಬೇರೆ ಎಸ್‌ಎಸ್‌ಡಿ ಇಡಿ, ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ವಿಂಡೋಸ್ ಯಂತ್ರದ ಗಡಿಯಾರವನ್ನು ಸ್ಥಳೀಯ ಸಮಯವೆಂದು, ಲಿನಕ್ಸ್ ಅದನ್ನು ಯುಟಿಸಿ ಎಂಬ ಜಾಗತಿಕ ಸಮಯವೆಂದು ಓದುವುದರಿಂದ ನಮ್ಮಲ್ಲಿ ಸಮಯ ಐದೂವರೆ ಗಂಟೆ ಏರುಪೇರಾಗಿ, ಒಂದೇ ಲೇಖನದ ಎರಡು ಪ್ರತಿಗಳಲ್ಲಿ ಯಾವುದು ಹೊಸದೆಂದು ತಿಳಿಯದಂತಾಗುತ್ತದೆ, ಅದನ್ನೂ ಸರಿಪಡಿಸಿಕೊಳ್ಳಿ.

ವರ್ಚುವಲ್ ಮಷೀನ್ ಆರಿಸಿಕೊಂಡರೆ ಬಯೋಸ್‌ನಲ್ಲಿ ವರ್ಚುವಲೈಸೇಷನ್ ಆಯ್ಕೆ ಚಾಲೂ ಇದೆಯೇ ಎಂದು ನೋಡಿ. ಮಷೀನಿನ ಆ ಕ್ಷಣದ ಸ್ಥಿತಿಯನ್ನು ಉಳಿಸುವ ಸ್ನ್ಯಾಪ್‌ಶಾಟನ್ನು ಬ್ಯಾಕಪ್ ಎಂದು ಭಾವಿಸಬೇಡಿ, ಏಕೆಂದರೆ ಅದು ಇರುವುದೂ ಅದೇ ಡಿಸ್ಕಿನಲ್ಲಿ. ಒಳಗಿನ ವಿಂಡೋಸನ್ನು ಪೂರ್ತಿ ಮುಚ್ಚಿದ ಮೇಲೆ ಇಡೀ ಮಷೀನಿನ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳಿ.